ತಲೆಗಾಗಿ ಕಾಯುವುದು

ರಾತ್ರಿ ಎರಡೂ ಕಾಲು. ಚಿಲೊಯೆಯ ಕಾಸ್ತ್ರೋ ಆಸ್ಪತ್ರೆ, ನೆಲಮಾಳಿಗೆ.
ಫ್ಯಾನುಗಳ ಗುಂಯ್ ಸದ್ದಿನ ನಡುವೆ ನಾನೊಬ್ಬಳೇ,
ನೆಲ್ಡಾ ಮಿಯಾಲೊಂಕೊ, ಸ್ವೆಟರಿನ ಮೇಲೆ ಸ್ವೆಟರು,
ಮೊಣಕೈ ಬಳಿ ಆರಿಹೋದ ಕಾಫಿ.
ಫೋನಿನಲ್ಲಿ ಅಪಿಯಾವೊ ದ್ವೀಪದ ಸೂಲಗಿತ್ತಿ ಓರ್ಫೆಲಿನಾ ಲೆವಿಕೊಯ್:
"ಚಿತ್ರ ಕಳಿಸಿ ಅರ್ಧ ಗಂಟೆಯಾಯಿತು ಮಗಳೇ,
ನಿನ್ನ ಗೋಡೆ ನುಂಗಿತೇನು?"

ಗೋಡೆಯೇ ನುಂಗಿತ್ತು.
ಪಿಂಗ್ ಹೋಗುತ್ತದೆ, ಬರುತ್ತದೆ. ಸಣ್ಣ ಮಾತಿಗೆಲ್ಲ ದಾರಿ ಸಲೀಸು.
ತಾಯಿಯ ಹೆಸರು, ವಯಸ್ಸು, ರಕ್ತದ ಗುಂಪು ಬಂದಿವೆ.
ಹೊಟ್ಟೆಯೊಳಗಿನ ಚಿತ್ರ ಮಾತ್ರ ಬಾರದು.

ನಮ್ಮಜ್ಜ ಮನೆಯನ್ನೇ ಸಾಗಿಸಿದವನು.
ಇಲ್ಲಿ ಅದು ವಾಡಿಕೆ: ಊರೆಲ್ಲ ಸೇರಿ, ಎತ್ತು ಹೂಡಿ,
ದಿಮ್ಮಿಗಳ ಮೇಲೆ ಉರುಳಿಸಿ, ಭರತಕ್ಕೆ ತೇಲಿಸಿ ಆಚೆ ದಡಕ್ಕೆ.
ಗೋಡೆಯ ಮೊಳೆಗೆ ತೂಗುಹಾಕಿದ್ದ ಬಾಣಲೆ ಕೂಡ ಬೀಳಲಿಲ್ಲ
ಎಂದು ಸಾಯುವವರೆಗೂ ಬಡಾಯಿ.
ಅಜ್ಜಾ, ನಮ್ಮ ದಾರಿ ಅಷ್ಟು ಅಗಲವಿಲ್ಲ.
ಗುಡ್ಡದ ಮೇಲಿನ ರೇಡಿಯೋ ಕೊಂಡಿಗೆ
ಸಾವಿರದ ನಾನೂರು ಬೈಟಿನ ಬಾಗಿಲು.
ಸಾವಿರದ ಐನೂರರ ಮನೆ ಬಂದರೆ
ರೂಟರು ಮಾತಾಡುವುದಿಲ್ಲ, ಕೊಯ್ಯುತ್ತದೆ.
ಊರಿನ ವಿಳಾಸ ಎರಡೂ ತುಂಡಿಗೆ ಅಂಟಿಸುತ್ತದೆ,
ಒಂದೇ ಬಸಿರಿನವರೆಂಬ ಗುರುತನ್ನೂ.
ಯಾವ ಬಾಗಿಲು ತಟ್ಟಬೇಕೆಂಬುದು ಮಾತ್ರ
ತಲೆಯಿದ್ದ ಮೊದಲ ತುಂಡಿನಲ್ಲೇ ಉಳಿಯುತ್ತದೆ.
ಬಾಲದ ಚೂರಿಗೆ ಒಂದು ಅಂಕಿ: ನೂರ ಎಪ್ಪತ್ತೆರಡು.
ಎಂಟೆಂಟರ ಗೇಣಿನಲ್ಲಿ ಅಳೆದರೆ
ಅಲ್ಲಿಂದಾಚೆ ತನ್ನ ಜಾಗ ಎಂಬಷ್ಟೇ ಅದಕ್ಕೆ ಗೊತ್ತು.
ಹೊಲಿಯುವ ಉಸಾಬರಿ ಮುಂದಿನವರದು.

ಮುಂದಿನವಳು ನಾನು.
ಲಾಗು ಬಿಚ್ಚುತ್ತೇನೆ. ಗಾಳಿಯ ರಾತ್ರಿ, ದಾರಿಗಳು ಎರಡು.
ಹಗುರದ ಚೂರು ಓಡಿಬಂದು ನಿಂತಿದೆ,
ಭಾರದ ಅಣ್ಣ ಇನ್ನೂ ಎಲ್ಲೋ ಕಡಲ ಮೇಲೆ.
ಫೈರ್‌ವಾಲ್ ಕೇಳುತ್ತದೆ: ಯಾವ ಪೋರ್ಟು?
ನೂರ ಎಪ್ಪತ್ತೆರಡು.
ಕೇಳಿದ್ದು ಅದನ್ನಲ್ಲ. ಪೋರ್ಟು?
ನೂರ ಎಪ್ಪತ್ತೆರಡು.
ಡ್ರಾಪ್.
ಆಮೇಲೆ ಬಂದ ತಲೆಗೆ ಕಾಲಿಲ್ಲ.

ಆ ನಿಯಮ ಬರೆದವಳೂ ನಾನೇ, ಆರು ಚಳಿಗಾಲದ ಹಿಂದೆ.
ಯಾರೋ ಚೂರಿನ ಮೇಲೆ ಚೂರು ಹೇರಿ,
ಮೇಲೊಂದು ಮಾತು ಅಡಿಯಲ್ಲಿನ್ನೊಂದು ಇಟ್ಟು ನುಸುಳಿದ್ದರು;
ಲ್ಯಾಬಿನ ಯಂತ್ರಗಳು ಮೂರು ದಿನ ಮಲಗಿದ್ದವು.
ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡವಳು
ಅಂದಿನಿಂದ ಮಜ್ಜಿಗೆಯನ್ನೂ ಹೊರಗಟ್ಟಿದ್ದೆ.

"ನೆಲ್ಡಾ," ಓರ್ಫೆಲಿನಾಳ ದನಿ ತಗ್ಗಿತು, ಬಾಣಂತಿಗೆ ಕೇಳಬಾರದಲ್ಲ,
ಬಾಣಂತಿ ಇನ್ನೂ ಆಗಬೇಕಾದವಳಿಗೆ,
"ಮಗು ತಿರುಗಿಲ್ಲ ಅನಿಸುತ್ತೆ. ಕೈಗೆ ಸಿಗೋದು ತಲೆ ಅಲ್ಲ, ಪುಟ್ಟ ಕುಂಡಿ.
ಹಾಗೆ ಬಂದರೆ ನಾವು ಏನು ಮಾಡ್ತೀವಿ ಗೊತ್ತಾ?
ಎಳೆಯೋದಿಲ್ಲ. ಅಂಗೈ ಕೆಳಗಿಟ್ಟುಕೊಂಡು ಕೂರ್ತೀವಿ.
ತಲೆಗೆ ಕಾಯ್ತೀವಿ."

ಹಳೆಯ ಸಾಲು ಅಳಿಸಿದೆ. ಬೇರೆ ಬರೆದೆ.
ತಲೆಯಿಲ್ಲದೆ ಬಂದದ್ದನ್ನು ತಳ್ಳಬೇಡ, ಜಗಲಿಯಲ್ಲಿ ಕೂರಿಸು;
ಒಳಗೂ ಬಿಡಬೇಡ. ಮೂವತ್ತು ಸೆಕೆಂಡು ಕೊಡು.
ಒಂದರ ಮೇಲೊಂದು ಏರಿದ್ದರೆ ಇಡೀ ಗುಂಪನ್ನೇ ಕೆಡವು.
ಅಂಚಿಗೆ ಅಂಚು ಕೂತರೆ, ಪೂರ್ತಿ ಮುಖ ನೋಡು,
ಆಮೇಲೆ ಬಾಗಿಲು.

ಎಂಟರ್ ಒತ್ತಿದೆ.
ಮೇಲಿನ ಮಹಡಿಯ ಪರದೆಯಲ್ಲಿ
ಬೂದುಬಣ್ಣ ಸಾಲು ಸಾಲಾಗಿ ಇಳಿಯಿತಂತೆ:
ಬೆನ್ನುಮೂಳೆಯ ಮಣಿಸರ, ಮಡಿಸಿದ ಮಂಡಿ,
ತಾಯಿಯ ಪಕ್ಕೆಲುಬಿನಡಿ ಆತುಕೊಂಡ ದುಂಡನೆಯ ತಲೆ.
ಡಾಕ್ಟರ್ ಬಾರಿಯೆಂತೋಸ್ ಹೇಳಿದ್ದು ಒಂದೇ ಮಾತು:
"ದೋಣಿ ಕಳಿಸಿ."

ದೋಣಿ ಹೊರಟ ಮೇಲೆ ನನಗೇನೂ ಕೆಲಸವಿಲ್ಲ.
ಜೋಡಣೆಯ ಪಟ್ಟಿಯಲ್ಲಿ ಒಂದು ಚೂರು ಉಳಿದಿದೆ,
ಯಾವ ದ್ವೀಪದ್ದೋ, ಯಾರ ಹೊಟ್ಟೆಯದೋ, ಎದೆಯದೋ.
ನೂರ ಎಪ್ಪತ್ತೆರಡು, ಎನ್ನುತ್ತಿದೆ.
ಹನ್ನೊಂದು ಸೆಕೆಂಡು. ಹತ್ತು.
ಗಡುವು ಹೆಚ್ಚಿಸುವ ಆಜ್ಞೆ ನನಗೆ ಬಾಯಿಪಾಠ.
ಬೆರಳು ಹೋಯಿತು, ನಿಂತಿತು.
ಜಗಲಿ ತುಂಬಿದರೆ ಬರುವವರನ್ನು ಎಲ್ಲಿ ಕೂರಿಸಲಿ?
ಏಳು.
ಕುರ್ಚಿ ಎಳೆದುಕೊಂಡು ಅದರೆದುರು ಕೂತೆ.